ಗುರುವಾರದ ಕುರ್ಚಿ

ನಮ್ಮ ಮನೆಯಲ್ಲಿ ಎರಡು ಸರ್ಕಾರಗಳು ಒಂದೇ ಬಚ್ಚಲು ಬಳಸುತ್ತವೆ. ಮಗ ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆಯಲ್ಲಿ, ಸೊಸೆ ರಾಜ್ಯ ಸರ್ಕಾರದ ಆರೋಗ್ಯ ಇಲಾಖೆಯಲ್ಲಿ. ಬೆಳಿಗ್ಗೆ ಸ್ನಾನಕ್ಕೆ ಯಾರು ಮೊದಲು ಹೋಗಬೇಕೆಂಬ ಬಗ್ಗೆ ಮದುವೆಯಾದಂದಿನಿಂದ ಮಾತುಕತೆ ನಡೆದೇ ಇದೆ, ಇತ್ಯರ್ಥವಾಗಿಲ್ಲ. ನನ್ನ ತಂಗಿ ಇವರನ್ನು ಹೆಸರು ಹಿಡಿದು ಕರೆಯುವುದೇ ಇಲ್ಲ. ಫೋನ್ ಮಾಡಿದರೆ, ಕೇಂದ್ರ ಎದ್ದಿತಾ, ರಾಜ್ಯ ತಿಂಡಿ ತಿಂತಾ ಎಂದು ಕೇಳುತ್ತಾಳೆ. ಹಾಗಾದರೆ ನಾನು ಯಾರೇ ಎಂದು ಒಮ್ಮೆ ಕೇಳಿದ್ದಕ್ಕೆ, ನೀನು ರಾಷ್ಟ್ರಪತಿ ಕಣೇ, ದೊಡ್ಡ ಕುರ್ಚಿ, ಮಾಡೋಕೆ ಕೆಲಸ ಇಲ್ಲ ಅಂದಳು. ಅವಳ ಬಾಯಿಗೆ ಚಿಕ್ಕಂದಿನಿಂದಲೂ ಲಗಾಮಿಲ್ಲ.

ಮಗ ಕಾಲೇಜಿನಲ್ಲಿದ್ದಾಗ ಒಕ್ಕೂಟ ವ್ಯವಸ್ಥೆ ಎಂಬ ಪಾಠವನ್ನು ಹಿತ್ತಲ ಮೆಟ್ಟಿಲ ಮೇಲೆ ಕೂತು ಬಾಯಿಪಾಠ ಮಾಡುತ್ತಿದ್ದ. ಸೈನ್ಯ, ರೈಲು, ನಾಣ್ಯ ಕೇಂದ್ರದ್ದು. ಪೊಲೀಸು, ಜಮೀನು, ಆಸ್ಪತ್ರೆ ರಾಜ್ಯದ್ದು. ಇನ್ನು ಕೆಲವು ಇಬ್ಬರದ್ದೂ. ಇಬ್ಬರದ್ದೂ ಆದರೆ ಮಾಡುವವರು ಯಾರೋ ಎಂದು ನಾನು ಪಾತ್ರೆ ತೊಳೆಯುತ್ತ ಕೇಳಿದ್ದೆ. ಅದು ಪರೀಕ್ಷೆಗೆ ಬರುವುದಿಲ್ಲ ಅಮ್ಮ ಎಂದಿದ್ದ. ಪಾಸಾದ, ಕೆಲಸವೂ ಸಿಕ್ಕಿತು. ನನ್ನ ಪ್ರಶ್ನೆ ಮಾತ್ರ ಅಲ್ಲೇ ಮೆಟ್ಟಿಲ ಮೇಲೆ ಉಳಿಯಿತು.

ಇಬ್ಬರ ಕಚೇರಿಗಳೂ ಒಂದೇ ರಸ್ತೆಯ ಆಚೆ ಈಚೆ. ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಹೋಗಿ, ಒಂದೇ ಕಡೆ ಇಳಿದು, ಇವನು ಬಲಕ್ಕೆ ಅವಳು ಎಡಕ್ಕೆ ತಿರುಗುತ್ತಾರೆ. ಇವನ ಕಿಟಕಿಯಿಂದ ಅವಳ ಕಟ್ಟಡದ ಮೆಟ್ಟಿಲು ಕಾಣುತ್ತದಂತೆ. ಆದರೆ ಇವನ ಮೇಜಿನಿಂದ ಒಂದು ಕಾಗದ ಅವಳ ಮೇಜಿಗೆ ಹೋಗಬೇಕೆಂದರೆ ಅದು ಮೊದಲು ದೇಶದ ರಾಜಧಾನಿಗೆ ಹೋಗಬೇಕು, ಅಲ್ಲಿಯ ದೊಡ್ಡವರು ಇಲ್ಲಿಯ ದೊಡ್ಡವರಿಗೆ ಬರೆಯಬೇಕು, ಅಲ್ಲಿಂದ ಅದು ಮಹಡಿ ಮಹಡಿ ಇಳಿದು ಬರಬೇಕು. ನಾನು ರಸ್ತೆ ದಾಟಿ ಕೊಟ್ಟು ಬರಲಾ ಎಂದರೆ ಇಬ್ಬರೂ ನಗುತ್ತಾರೆ. ನಾನು ತಮಾಷೆಗೆ ಹೇಳಿದ್ದಲ್ಲ.

ಮನೆಯಲ್ಲಿ ಒಂದು ನಿಯಮ ಇತ್ತು. ಕಚೇರಿಯ ಮಾತನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಬರಬೇಕು. ಇದನ್ನು ಮಾಡಿದವಳು ನಾನಲ್ಲ. ಮದುವೆಯಾದ ಹೊಸತರಲ್ಲಿ ರಾಜ್ಯದ ಯಾವುದೋ ತೀರ್ಮಾನ ಸಹಿ ಬೀಳುವ ಮೊದಲೇ ಕೇಂದ್ರದವರ ಕಿವಿಗೆ ಬಿದ್ದಿತ್ತು. ಗಂಡ ಆ ಕಡೆ ಇದ್ದಾನಲ್ಲ, ಇವಳೇ ಇರಬೇಕು ಎಂದು ಸೊಸೆಯ ಮೇಲೆ ವಿಚಾರಣೆ ನಡೆಸಿದರು. ಅವಳಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ, ಹಾಗೆಂದು ಕೊನೆಗೆ ಅವರೂ ಒಪ್ಪಿದರು. ಅಷ್ಟು ಹೊತ್ತಿಗೆ ಬಡ್ತಿ ಇನ್ನೊಬ್ಬರಿಗೆ ಹೋಗಿತ್ತು. ಅವತ್ತಿನಿಂದ ಗಂಡ ಹೆಂಡತಿ ಹೊರಗಿನವರೆದುರು ಮಾತ್ರವಲ್ಲ, ಕೋಣೆಯೊಳಗೂ ಬಾಯಿಗೆ ಬೀಗ ಹಾಕಿಕೊಂಡರು. ಊಟದ ಮೇಜಿನಲ್ಲಿ ನಲ್ಲಿ ಸೋರುವುದು, ಎದುರುಮನೆಯವರ ನಾಯಿ, ನನ್ನ ಮಂಡಿನೋವು, ಇಷ್ಟೇ ಮಾತು. ಎರಡು ಸರ್ಕಾರಗಳ ಒಡನಾಟದಲ್ಲಿ ನನ್ನ ಮಂಡಿ ಬಹಳ ಚರ್ಚೆಗೆ ಬಂದಿದೆ.

ಆದರೆ ಹೊಟ್ಟೆಯಲ್ಲಿದ್ದದ್ದು ಎಲ್ಲಾದರೂ ಹೊರಗೆ ಬರಲೇಬೇಕಲ್ಲ. ಇಬ್ಬರೂ ಬೇರೆ ಬೇರೆಯಾಗಿ ನನ್ನ ಹತ್ತಿರ ಬರುತ್ತಿದ್ದರು. ಮಗ ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಶೂಗೆ ಪಾಲಿಶ್ ಹಾಕುತ್ತ ಹೇಳುವನು. ಸೊಸೆ ಮಹಡಿಯಲ್ಲಿ ಬಟ್ಟೆ ಒಣಗಿಸುತ್ತ, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ಹೇಳುವಳು. ಇಬ್ಬರೂ ಕೊನೆಗೆ ಹೇಳುವ ಮಾತು ಒಂದೇ, ಇದು ಆ ಕಡೆಗೆ ಹೋಗಬಾರದು. ನಾನು ಕೆಲಸದಲ್ಲಿದ್ದದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿ, ತೂತುಗಳ ಹಲಗೆಯ ಮುಂದೆ ಕೂತು, ಈ ಕಡೆಯವರ ತಂತಿ ಎಳೆದು ಆ ಕಡೆಯವರಿಗೆ ಸಿಕ್ಕಿಸುವ ಕೆಲಸ. ಇಬ್ಬರೂ ಹಲೋ ಎಂದ ಮೇಲೆ ನಾವು ಸರಿದುಬಿಡಬೇಕು. ಯಾರ ಪರವಾಗಿಯೂ ನಾವು ಮಾತಾಡಕೂಡದು, ಎಷ್ಟೇ ಅವಸರವಿರಲಿ. ನಮ್ಮ ಮೇಲ್ವಿಚಾರಕಿ ಇದೊಂದನ್ನು ಬೈದು ಬೈದು ಕಲಿಸಿದ್ದಳು. ಹಾಗಾಗಿ ಗುಟ್ಟು ಇಟ್ಟುಕೊಳ್ಳುವುದು ನನಗೆ ಕಷ್ಟವಾಗಿರಲಿಲ್ಲ, ತಂಗಿಯ ಕುರ್ಚಿಯ ವಿಷಯ ಬರುವ ತನಕ.

ತಂಗಿಯ ಎರಡೂ ಮೂತ್ರಪಿಂಡ ಕೈಕೊಟ್ಟು ಕೆಲವು ವರ್ಷಗಳಾಗಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕು: ಮಂಗಳವಾರ, ಗುರುವಾರ, ಶನಿವಾರ. ರಕ್ತವನ್ನು ಯಂತ್ರಕ್ಕೆ ಕಳಿಸಿ, ತೊಳೆದು, ವಾಪಸು ಒಳಗೆ ಬಿಡುತ್ತಾರೆ. ಅದಕ್ಕೆಂದು ಎಡಗೈಯಲ್ಲಿ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿದ್ದಾರೆ. ಅಲ್ಲಿ ಬೆರಳಿಟ್ಟರೆ ಗುಂಯ್ ಎಂದು ಒಂದು ನಡುಕ ತಿಳಿಯುತ್ತದೆ. ಸಿಕ್ಕಾಗಲೆಲ್ಲ ನನ್ನ ಹೆಬ್ಬೆರಳು ಎಳೆದು ಅದರ ಮೇಲಿಟ್ಟು, ನೋಡು, ಎಂಜಿನ್ ಚಾಲೂ ಇದೆ ಅನ್ನುವಳು. ಅವಳ ಗಂಡ ಹೋಗಿ ಬಹಳ ಕಾಲವಾಯಿತು, ಮಕ್ಕಳಿಲ್ಲ. ಎರಡು ಬೀದಿ ಆಚೆ ಒಂಟಿಯಾಗಿದ್ದಾಳೆ, ನಮ್ಮ ಮನೆಗೆ ಬಂದು ಇರು ಎಂದರೆ, ಎರಡು ಸರ್ಕಾರದ ಕೆಳಗೆ ನನ್ನ ಕೈಲಿ ಬದುಕೋಕಾಗಲ್ಲ ಅನ್ನುವಳು.

ಡಯಾಲಿಸಿಸ್ ಕೇಂದ್ರ ಇರುವುದು ದೊಡ್ಡಾಸ್ಪತ್ರೆಯ ಹಿಂದೆ. ಆಸ್ಪತ್ರೆ ರಾಜ್ಯದ್ದು, ಹಿಂದಿನ ಈ ಕಟ್ಟಡ ಕೇಂದ್ರ ಸರ್ಕಾರ ಕಟ್ಟಿದ್ದು. ನೆಲ ಅವರದು, ಗೋಡೆ ಇವರದು. ಯಂತ್ರ ಇವರದು, ಯಂತ್ರಕ್ಕೆ ಹೋಗುವ ನೀರು, ಕರೆಂಟು ಅವರದು. ಅಲ್ಲಿಯ ನರ್ಸಿಗೆ ಸೂಜಿಯಮ್ಮ ಎಂದು ರೋಗಿಗಳೇ ಇಟ್ಟ ಹೆಸರು. ಚುಚ್ಚಿದ್ದು ಗೊತ್ತಾಗದ ಹಾಗೆ ಚುಚ್ಚುತ್ತಾಳೆ. ಅವಳ ಸಂಬಳದ ಅರ್ಧ ಇವರಿಂದ, ಅರ್ಧ ಅವರಿಂದ, ಎರಡೂ ಒಂದೇ ತಿಂಗಳಲ್ಲಿ ಬಂದದ್ದು ಅವಳಿಗೆ ನೆನಪಿಲ್ಲ. ಇಷ್ಟಾದರೂ ಅಲ್ಲಿ ಕೆಲಸ ನಡೆಯುತ್ತಿತ್ತು. ಕಿಟಕಿಯ ಪಕ್ಕದ ಒರಗು ಕುರ್ಚಿ ತಂಗಿಯದು. ಅಲ್ಲಿ ಮಲಗಿ ಪಕ್ಕದವರನ್ನೆಲ್ಲ ನಗಿಸುತ್ತ ಇರುತ್ತಿದ್ದಳು, ಸೂಜಿಯಮ್ಮ ಬಂದು ಮಾತು ಕಡಿಮೆ ಮಾಡಿ, ಬಿಪಿ ಏರುತ್ತೆ ಎಂದು ಗದರಿಸುವ ತನಕ.

ಈ ತಿಂಗಳ ಮೊದಲಲ್ಲಿ ಸುದ್ದಿ ಹಬ್ಬಿತು. ಈ ಡಯಾಲಿಸಿಸ್ ಕೇಂದ್ರ, ಕೇಂದ್ರ ಸರ್ಕಾರದವರು ಪ್ರಯೋಗಕ್ಕೆಂದು ತೆರೆದದ್ದು, ಅವಧಿ ತಿಂಗಳ ಕೊನೆಗೆ ಮುಗಿಯುತ್ತದೆ, ಮುಂದೆ ಯಾರು ನಡೆಸಬೇಕೋ ಗೊತ್ತಿಲ್ಲ, ಬಾಗಿಲು ಹಾಕುತ್ತಾರಂತೆ. ತಂಗಿ ನನ್ನನ್ನು ಕೇಳಿದಳು. ನಾನು ಮಗನನ್ನು ಕೇಳಲಿಲ್ಲ, ನಿಯಮ ಇತ್ತಲ್ಲ. ಆದರೆ ಮಾರನೆಯ ಬೆಳಿಗ್ಗೆ ಶೂ ಕೈಯಲ್ಲಿ ಹಿಡಿದುಕೊಂಡು ಅವನೇ ಬಂದ. ಆ ಕಡತ ಅವನ ಮೇಜಿನ ಮೇಲೇ ಇತ್ತು.

ಅವನು ಹೇಳಿದ್ದು ಇಷ್ಟು. ಅವಧಿ ಮುಗಿದ ಮೇಲೆ ಕೇಂದ್ರ ಸರ್ಕಾರ ಸುಮ್ಮನೆ ಮುಂದುವರಿಸುವ ಹಾಗಿಲ್ಲ. ಆದರೆ ರಾಜ್ಯ ಸರ್ಕಾರ, ಇದನ್ನು ನಡೆಸಲು ನಮ್ಮಿಂದ ಆಗುವುದಿಲ್ಲ ಎಂದು ಒಂದು ಸಾಲು ಬರೆದುಕೊಟ್ಟರೆ, ಅದನ್ನು ಆಧಾರವಾಗಿಟ್ಟು ಇನ್ನೂ ಒಂದಷ್ಟು ಕಾಲ ನಡೆಸಬಹುದು. ರಾಜ್ಯದವರು ಬರೆಯುವುದಿಲ್ಲ. ಆಗುವುದಿಲ್ಲ ಎಂದು ಬರೆದರೆ ಅವರ ಮಂತ್ರಿಯ ಮಾನ ಹೋಗುತ್ತದೆ. ಚಿಕ್ಕಮ್ಮ ಅಲ್ಲಿಗೆ ಹೋಗುವುದು ತನ್ನ ಕಚೇರಿಯಲ್ಲಿ ಯಾರಿಗಾದರೂ ತಿಳಿದರೆ ಕಡತವನ್ನು ತನ್ನ ಕೈಯಿಂದ ತೆಗೆದುಬಿಡುತ್ತಾರೆ, ಆಮೇಲೆ ಅದರ ಬಗ್ಗೆ ತಲೆ ಕೆಡಿಸಿಕೊಳ್ಳುವವರೇ ಇರುವುದಿಲ್ಲ ಎಂದ. ಅವನ ಕಣ್ಣು ಕೆಂಪಾಗಿತ್ತು. ಇವನನ್ನು ಎಷ್ಟೋ ವರ್ಷ ಎತ್ತಿ ಆಡಿಸಿದವಳು ಅವಳೇ.

ಅದೇ ವಾರ ಮಹಡಿಯಲ್ಲಿ ಸೊಸೆ ಒದ್ದೆ ಬೆಡ್‌ಶೀಟಿನ ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಂಡುತ್ತ ಶುರುಮಾಡಿದಳು. ಅವಳ ಮೇಜಿನ ಮೇಲೂ ಅದೇ ಡಯಾಲಿಸಿಸ್ ಕೇಂದ್ರದ ಕಡತ. ಅವಳು ಹೇಳಿದ್ದು ಇಷ್ಟು. ಕೇಂದ್ರದವರು, ಇದನ್ನು ನಾವು ಬಿಟ್ಟುಕೊಟ್ಟಿದ್ದೇವೆ ಎಂದು ಒಂದು ಸಾಲು ಬರೆದರೆ ಅದು ತಾನಾಗಿ ರಾಜ್ಯದ ಆಸ್ಪತ್ರೆಗೆ ಸೇರುತ್ತದೆ, ಒಮ್ಮೆ ನಮ್ಮದಾದ ಮೇಲೆ ಮುಚ್ಚುವ ಧೈರ್ಯ ಇಲ್ಲಿ ಯಾರಿಗೂ ಇಲ್ಲ. ಅವರು ಬರೆಯುವುದಿಲ್ಲ. ಬಿಟ್ಟುಕೊಟ್ಟೆವು ಎಂದರೆ ಪತ್ರಿಕೆಯವರು ಕೈಬಿಟ್ಟರು ಎಂದು ಬರೆಯುತ್ತಾರೆಂದು ಅವರಿಗೆ ಭಯ. ಎರಡೂ ಕಡೆಯವರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯುತ್ತಿದ್ದಾರೆ ಅತ್ತೆ, ನನಗೆ ರಾತ್ರಿಯೆಲ್ಲ ನಿದ್ದೆಯಿಲ್ಲ ಎಂದಳು. ಬೆಡ್‌ಶೀಟಿನಿಂದ ನೀರು ನನ್ನ ಪಾದದ ಮೇಲೆ ಸುರಿಯುತ್ತಿತ್ತು.

ಇವಳ ಒಂದು ಸಾಲಿಗೆ ಅವನು ಕಾಯುತ್ತಿದ್ದಾನೆ, ಅವನ ಒಂದು ಸಾಲಿಗೆ ಇವಳು ಕಾಯುತ್ತಿದ್ದಾಳೆ. ಇಬ್ಬರೂ ಒಂದೇ ಮಂಚದಲ್ಲಿ ಮಲಗುತ್ತಾರೆ. ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಇಬ್ಬರನ್ನೂ ಕಿವಿ ಹಿಡಿದು ಎಳೆತಂದು ಎದುರುಬದುರು ಕೂರಿಸಬೇಕು ಅನ್ನಿಸಿತು. ಆದರೆ ಇವರಿಬ್ಬರಿಗೂ ಆ ನಿಯಮದ ಮೇಲಿದ್ದ ಭಯ ನನಗೆ ಗೊತ್ತಿತ್ತು. ಎದುರಿಗೆ ಕೂರಿಸಿದರೆ ಇಬ್ಬರೂ ಎದ್ದು ಹೋಗುತ್ತಾರೆ, ಇನ್ನು ಮುಂದೆ ನನ್ನ ಹತ್ತಿರವೂ ಬಾಯಿ ಬಿಡುವುದಿಲ್ಲ ಎಂದುಕೊಂಡೆ. ಅಲ್ಲಿ ನಾನು ತಪ್ಪಿದೆ.

ಈ ಮಧ್ಯೆ ತಂಗಿ ಫೋನ್ ಮಾಡಿದಳು. ಕೈಲಾದವರೆಲ್ಲ ಊರಿನ ಖಾಸಗಿ ಆಸ್ಪತ್ರೆಗೆ ಓಡುತ್ತಿದ್ದಾರೆ, ಅಲ್ಲಿ ಇನ್ನೊಂದು ಕುರ್ಚಿ ಮಾತ್ರ ಖಾಲಿ ಇದೆಯಂತೆ, ಸೂಜಿಯಮ್ಮ ಹೇಳುತ್ತಿದ್ದಾಳೆ, ಹೆಸರು ಬರೆಸಿಬಿಡಲಾ ಎಂದು ಕೇಳಿದಳು. ಖಾಸಗಿಯಲ್ಲಿ ಹೆಸರು ಬರೆಸಿದರೆ ಸರ್ಕಾರಿ ಕುರ್ಚಿಯಿಂದ ಹೆಸರು ಹೊಡೆದುಹಾಕುತ್ತಾರೆ, ಆಮೇಲೆ ವಾಪಸು ಬರುವ ಹಾಗಿಲ್ಲ. ಖಾಸಗಿಯ ಖರ್ಚನ್ನು ಹೇಗೋ ನಿಭಾಯಿಸಬಹುದಿತ್ತು, ಆದರೆ ಎಷ್ಟು ದಿನ. ನಾನು ಯೋಚಿಸಿದೆ. ಎರಡು ಕಡತಗಳೂ ನಮ್ಮ ಮನೆಯವರ ಕೈಯಲ್ಲೇ ಇವೆ, ಎರಡರ ಬೀಗದ ಕೈಯೂ ನನ್ನ ಸೆರಗಿನಲ್ಲಿದೆ.

“ಸುಮ್ನಿರು, ಬರೆಸಬೇಡ. ನಾನಿದ್ದೀನಿ” ಎಂದೆ.

“ರಾಷ್ಟ್ರಪತಿಯವರೇ ಹೇಳಿದ ಮೇಲೆ ಇನ್ನೇನು” ಎಂದು ನಕ್ಕು ಫೋನ್ ಇಟ್ಟಳು. ಆ ಕುರ್ಚಿ ಅಂದೇ ಸಂಜೆ ಯಾರಿಗೋ ಹೋಯಿತು.

ಮೊದಲು ಮಗನಿಗೆ ಹೇಳಿದೆ. ಅವನು ಹಿತ್ತಲಲ್ಲಿ ಶೂಗೆ ಬ್ರಷ್ ಹಾಕುತ್ತಿದ್ದ. ನೀವು ಬಿಟ್ಟುಕೊಟ್ಟೆವು ಅಂತ ಬರೆದರೆ ಸಾಕು, ಆ ಕಡೆಯವರು ತಗೊಳ್ಳೋಕೆ ಕೈಚಾಚಿಕೊಂಡು ನಿಂತಿದ್ದಾರೆ ಎಂದೆ. ಅವನ ಕೈ ನಿಂತಿತು. ಯಾರು ಹೇಳಿದರು ಎಂದು ಕೇಳಲಿಲ್ಲ, ಅವನಿಗೆ ಗೊತ್ತಾಯಿತು. ಅವಳಿಗೆ ನಾನು ತಿಳಿದುಕೊಂಡೆ ಅಂತ ಗೊತ್ತಾಗಬಾರದು ಅಮ್ಮ, ಹಳೇ ವಿಚಾರಣೆ ಇನ್ನೊಂದು ಸಲ ಅವಳ ಕುತ್ತಿಗೆಗೆ ಬರುತ್ತೆ ಎಂದ. ಆಣೆ ಹಾಕಿಸಿಕೊಂಡ. ನೋಡೋಣ ಎಂದು ಎದ್ದುಹೋದ.

ನೋಡೋಣ ಎನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ನನ್ನ ಮಗನನ್ನು ನಾನು ಬಲ್ಲೆ. ಹೆಣ್ಣು ನೋಡಲು ಹೋದಾಗಲೂ ಮೀನಮೇಷ ಎಣಿಸಿದವನು ಅವನು, ಕೊನೆಗೆ ಸೊಸೆಯೇ ಹೂಂ ಅಂದಳು, ಅದರಿಂದ ಮದುವೆಯಾಯಿತು. ಒಂದು ದಿನ ಕಾದೆ, ಎರಡು ದಿನ ಕಾದೆ. ಅವನು ಮುಖ ಗಂಟು ಹಾಕಿಕೊಂಡು ಊಟ ಮಾಡಿ ಮಲಗುತ್ತಿದ್ದ. ಶನಿವಾರ ತಂಗಿಯನ್ನು ನೋಡಲು ಹೋದರೆ ಅವಳ ಪಾದ ಊದಿತ್ತು, ಚಪ್ಪಲಿಯ ಪಟ್ಟಿ ಸೇರುತ್ತಿರಲಿಲ್ಲ. ಕಣಕಾಲಿನ ಮೇಲೆ ಒತ್ತಿದ ನನ್ನ ಬೆರಳಿನ ಗುಳಿ ಹಾಗೇ ಉಳಿಯಿತು. ನೀರು ಹೆಚ್ಚು ಕುಡಿದೆ ಅಕ್ಕ, ಭಯಕ್ಕೆ ಬಾಯಾರುತ್ತೆ ಅಂದಳು. ಅವಳು ಕುಡಿಯಬಹುದಾದ ನೀರು ಒಂದು ಸಣ್ಣ ಲೋಟದಲ್ಲಿರುತ್ತದೆ, ಬೇಸಿಗೆಯಲ್ಲಿ ಐಸಿನ ಚೂರು ಚೀಪುತ್ತಾಳೆ. ಭಯ ಎಂಬ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿರಲೇ ಇಲ್ಲ.

ಮನೆಗೆ ಬಂದವಳೇ ಮಹಡಿ ಹತ್ತಿದೆ. ಒಂದು ಕಡೆ ಕೈಕೊಟ್ಟರೆ ಇನ್ನೊಂದು ಕಡೆ ಇರಲಿ ಎಂದು ಸೊಸೆಗೂ ಹೇಳಿದೆ. ನಿಮ್ಮವರು ಆಗಲ್ಲ ಅಂತ ಒಂದು ಸಾಲು ಬರೆದುಕೊಟ್ಟರೆ ಆ ಕಡೆಯವರು ನಡೆಸೋಕೆ ತಯಾರಿದ್ದಾರೆ ಎಂದೆ. ಅವಳು ಬಾಯಿಂದ ಕ್ಲಿಪ್ಪು ತೆಗೆದಳು. ಅವಳೂ ಯಾರು ಎಂದು ಕೇಳಲಿಲ್ಲ. ಇವರಿಗೆ ನಾನು ತಿಳಿದುಕೊಂಡದ್ದು ಗೊತ್ತಾಗದೇ ಇರಲಿ, ಪಾಪ, ಅವರ ಕೆಲಸಕ್ಕೇ ಸಂಚಕಾರ ಎಂದಳು. ಅವಳಿಗೂ ಆಣೆ ಹಾಕಿದೆ. ಕೆಳಗಿಳಿದು ಬರುವಾಗ ಹೊಟ್ಟೆಗೆ ಹಾಲು ಹೊಯ್ದ ಹಾಗಿತ್ತು. ಇಬ್ಬರಲ್ಲಿ ಒಬ್ಬರಾದರೂ ಬರೆಯುತ್ತಾರೆ, ಸಾಕು ಎಂದುಕೊಂಡೆ.

ಮುಂದಿನ ವಾರದ ಮಧ್ಯೆ ಒಂದು ಸಂಜೆ ಇಬ್ಬರೂ ನಗುತ್ತ ಬಂದರು. ಮಗ ಹಣ್ಣು ತಂದಿದ್ದ. ಸೊಸೆಯೂ ಹಣ್ಣು ತಂದಿದ್ದಳು. ಒಬ್ಬರ ಚೀಲ ಇನ್ನೊಬ್ಬರು ನೋಡಿ ಏನು ವಿಶೇಷ ಎಂದು ಕೇಳಿ, ಏನಿಲ್ಲ ಎಂದು ಉತ್ತರ ಕೊಟ್ಟುಕೊಂಡರು. ಮಗ ಸೀಟಿ ಹಾಕುತ್ತ ಕೈಕಾಲು ತೊಳೆದು ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ, ಹೋಯ್ತಮ್ಮ, ಬಿಟ್ಟುಕೊಟ್ಟೆವು ಅಂತ ಬರೆಸಿಬಿಟ್ಟೆ, ರಾಜ್ಯ ತಗೊಳ್ಳುತ್ತೆ ಅಂದದ್ದೇ ಸಾಹೇಬರು ಕಣ್ಣು ಮುಚ್ಚಿ ಸಹಿ ಹಾಕಿದರು ಎಂದ. ನನಗೆ ಅವನ ತಲೆ ಸವರಬೇಕು ಅನ್ನಿಸಿತು, ಸವರಿದೆ. ಅವನು ಆಚೆ ಹೋದ. ಸೊಸೆ ಒಳಗೆ ಬಂದು ಸಿಂಕಿನ ನಲ್ಲಿ ಬಿಟ್ಟಳು. ಆ ಸದ್ದಿನ ಮರೆಯಲ್ಲಿ, ಅತ್ತೆ, ಆಯ್ತು, ಆ ಕಡೆಯವರು ನಡೆಸೋಕೆ ತಯಾರಿದ್ದಾರೆ ಅಂದದ್ದಕ್ಕೆ ಸಾಹೇಬರು ಒಪ್ಪಿದರು, ಆಗುವುದಿಲ್ಲ ಅಂತ ಬರೆಸಿ ಕಳಿಸಿಬಿಟ್ಟೆ, ಇನ್ನು ಅವರೇ ನಡೆಸ್ತಾರೆ ಎಂದಳು.

ನನ್ನ ಕೈಯಲ್ಲಿ ಪಾತ್ರೆ ಇತ್ತು, ಅದನ್ನು ಒಲೆಯ ಮೇಲಿಡಬೇಕೋ ಕೆಳಗಿಡಬೇಕೋ ತಿಳಿಯದೆ ಹಿಡಿದುಕೊಂಡು ನಿಂತೆ. ಒಬ್ಬರು ಬಿಟ್ಟರೆ ಇನ್ನೊಬ್ಬರದಾಗುತ್ತಿತ್ತು. ಇಬ್ಬರೂ ಬಿಟ್ಟರು. ಬೇಕು ಎನ್ನುವ ಕಾಗದ ರಸ್ತೆ ದಾಟಲು ಋತು ಬದಲಾಗಬೇಕು, ಬೇಡ ಎನ್ನುವ ಕಾಗದ ಮಧ್ಯಾಹ್ನದೊಳಗೆ ತಲುಪುತ್ತದೆ. ತಪ್ಪು ಆ ಕಡೆಯದು ಎಂದು ತೋರಿಸಲು ಅವರವರ ಸಾಹೇಬರೂ ಇಂಥದೊಂದು ಕಾಗದಕ್ಕೇ ಕಾಯುತ್ತಿದ್ದರು.

ಊಟಕ್ಕೆ ಕೂತಾಗ ಹೇಳಿಬಿಟ್ಟೆ. ಆಣೆ ಮುರಿದೆ, ನಿಯಮವನ್ನೂ ಮುರಿದೆ.

“ಇಬ್ಬರೂ ಬರೆದಿದ್ದೀರಿ” ಎಂದೆ.

ಮೊದಲು ಅವರಿಗೆ ಅರ್ಥವಾಗಲಿಲ್ಲ. ಆಮೇಲೆ ಮಗ ಹೆಂಡತಿಯ ಕಡೆ ತಿರುಗಿ ನೀನು ಏನು ಬರೆದೆ ಎಂದ. ಅವಳು ನೀವೇನು ಬರೆದಿರಿ ಎಂದಳು. ಇಷ್ಟು ವರ್ಷಗಳಲ್ಲಿ ಆ ಮೇಜಿನ ಮೇಲೆ ಬಿದ್ದ ಮೊದಲ ಕಚೇರಿ ಮಾತು ಅದು. ಇಬ್ಬರ ತಟ್ಟೆಯಲ್ಲೂ ಊಟ ಹಾಗೇ ಉಳಿಯಿತು. ಬಿಡಿಸಿದ ಹಣ್ಣನ್ನು ಯಾರೂ ಮುಟ್ಟಲಿಲ್ಲ. ಮಗ ನನ್ನನ್ನು ಬೈಯಲಿಲ್ಲ, ಸೊಸೆಯೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ನನಗೂ ತಿರುಗಿ ಕೂಗಾಡಲು ಸಿಗುತ್ತಿತ್ತು.

ಮಾರನೆಯ ದಿನ ಇಬ್ಬರೂ ಕಾಗದ ವಾಪಸು ತೆಗೆದುಕೊಳ್ಳಲು ಓಡಿದರು. ವಾಪಸು ಏಕೆ ಎಂದು ಸಾಹೇಬರುಗಳು ಕೇಳಿದರು. ಕಾರಣ ಬರೆದುಕೊಡಬೇಕು. ಅಮ್ಮ ಹೇಳಿದಳು ಎಂದು ಬರೆಯಲಾಗುತ್ತದೆಯೇ? ಮಗ ತನ್ನ ಸಾಹೇಬರಿಗೆ ಮೊದಲು, ರಾಜ್ಯ ತೆಗೆದುಕೊಳ್ಳಲು ತಯಾರಿದೆ ಎಂದು ತಿಳಿದುಬಂದಿದೆ ಎಂದಿದ್ದ. ಯಾರಿಂದ ತಿಳಿಯಿತು ಎಂಬ ಪ್ರಶ್ನೆ ಬಂದರೆ ಹೆಂಡತಿಯ ಕೆಲಸ ಹೋಗುತ್ತದೆ. ಅವಳದೂ ಅದೇ ಕಥೆ, ಗಂಡನ ಕೆಲಸ ಹೋಗುತ್ತದೆ. ಆದರೂ ಮಗ ಹೇಳಲು ಬಾಯಿ ತೆರೆದನಂತೆ. ಅಷ್ಟರಲ್ಲಿ ಸಾಹೇಬರು ನಗುತ್ತ ರಾಜ್ಯದ ಕಾಗದ ತೋರಿಸಿದರಂತೆ. ನೋಡಿ, ತಮ್ಮಿಂದ ಆಗುವುದಿಲ್ಲ ಎಂದು ಅವರೇ ಬರೆದುಕೊಟ್ಟಿದ್ದಾರೆ, ಇನ್ನು ಇದು ಅವರ ವೈಫಲ್ಯ, ನಮಗೆ ತಂಟೆಯಿಲ್ಲ ಎಂದರು. ಹಾಗಾದರೆ ಅದನ್ನೇ ಆಧಾರವಾಗಿಟ್ಟು ನಾವು ನಡೆಸಬಹುದಲ್ಲ ಎಂದು ಇವನು ಕೇಳಿದ. ಬಿಟ್ಟುಕೊಟ್ಟದ್ದನ್ನು ಹೇಗೆ ನಡೆಸೋದು ಎಂದರು. ರಸ್ತೆಯ ಆ ಕಡೆ ಸೊಸೆಯ ಸಾಹೇಬರೂ ಅಷ್ಟೇ ಖುಷಿಯಾಗಿ ಕೇಂದ್ರದ ಕಾಗದ ಹಿಡಿದಿದ್ದರು. ಆಗುವುದಿಲ್ಲ ಎಂದ ಮೇಲೆ ತೆಗೆದುಕೊಳ್ಳುವುದು ಹೇಗಮ್ಮ ಎಂದರಂತೆ. ಎರಡೂ ಸರ್ಕಾರಗಳು ಕೈ ತೊಳೆದುಕೊಂಡವು, ಎರಡೂ ಗೆದ್ದವು. ಜಂಟಿ ಸಮಿತಿ ಮಾಡುತ್ತಾರಂತೆ, ಮುಂದಿನ ತಿಂಗಳು ಸೇರುತ್ತದಂತೆ.

ಮುಂದಿನ ತಿಂಗಳು. ಅವಳ ರಕ್ತ ಮುಂದಿನ ತಿಂಗಳ ತನಕ ಕಾಯುತ್ತದೆಯೇ ಎಂದು ಮಗನ ಮೇಲೆ ಕೂಗಿದೆ. ಆಮೇಲೆ ಇಬ್ಬರೂ ಫೋನು ಹಿಡಿದು ಕೂತರು. ಖಾಸಗಿಯಲ್ಲಿ ಕುರ್ಚಿಯಿಲ್ಲ. ಪಕ್ಕದ ಜಿಲ್ಲೆಯ ಆಸ್ಪತ್ರೆಯಲ್ಲಿ ಕಾಯುವವರ ಸಾಲು ದೊಡ್ಡದಿದೆ, ಒಬ್ಬರು ಹೋದರೆ ತಾನೆ ಇನ್ನೊಬ್ಬರಿಗೆ ಎಂದು ಅಲ್ಲಿಯವರು ಮುಚ್ಚುಮರೆಯಿಲ್ಲದೆ ಹೇಳಿದರು. ಎಲ್ಲಿಗೆ ಹೋಗುತ್ತಾರೆ ಎಂದು ನಾವು ಕೇಳಲಿಲ್ಲ.

ಇಷ್ಟಾದರೂ ನಾನು ತಂಗಿಗೆ ಏನೂ ಹೇಳಿರಲಿಲ್ಲ. ಇವತ್ತು ಸರಿಹೋಗಬಹುದು, ನಾಳೆ ಸರಿಹೋಗಬಹುದು ಎಂದು ದಿನ ತಳ್ಳಿದೆ. ಹಾಗೆ ತಳ್ಳುತ್ತ ತಿಂಗಳ ಕೊನೆಯ ದಿನ, ಮಂಗಳವಾರ, ಬಂತು. ಅವತ್ತು ಮಧ್ಯಾಹ್ನ ಅವಳನ್ನು ಕರೆತರಲು ನಾನೇ ಹೋದೆ. ಕಟ್ಟಡದ ಬಾಗಿಲಿಗೆ ಎರಡು ಕದ. ಎಡ ಕದದ ಮೇಲೆ ಒಂದು ನೋಟಿಸು, ಈ ಕೇಂದ್ರವನ್ನು ರಾಜ್ಯಕ್ಕೆ ಬಿಟ್ಟುಕೊಡಲಾಗಿದೆ, ವಿಚಾರಿಸಬೇಕಾದವರು ರಾಜ್ಯದ ಕಚೇರಿಯನ್ನು ಕಾಣಬೇಕು. ಬಲ ಕದದ ಮೇಲೆ ಇನ್ನೊಂದು, ಈ ಕೇಂದ್ರ ರಾಜ್ಯಕ್ಕೆ ಸೇರಿದ್ದಲ್ಲ, ವಿಚಾರಿಸಬೇಕಾದವರು ಕೇಂದ್ರ ಸರ್ಕಾರದ ಕಚೇರಿಯನ್ನು ಕಾಣಬೇಕು. ಎರಡಕ್ಕೂ ಅಂಟು ಇನ್ನೂ ಹಸಿಯಾಗಿತ್ತು. ಒಳಗೆ ಸೂಜಿಯಮ್ಮ ಯಂತ್ರಗಳಿಗೆ ಬಟ್ಟೆ ಹೊದಿಸುತ್ತಿದ್ದಳು, ನನ್ನ ಮುಖ ನೋಡಲಿಲ್ಲ.

ತಂಗಿ ಹೊರಗಿನ ಕಟ್ಟೆಯ ಮೇಲೆ ಕೂತು ಕೈಗೆ ಕಟ್ಟಿದ ಪಟ್ಟಿಯನ್ನು ಒತ್ತಿ ಹಿಡಿದಿದ್ದಳು. ಎರಡು ನೋಟಿಸನ್ನೂ ಓದಿ ಮುಗಿಸಿದ್ದಳು. ತಮಾಷೆ ಮಾಡುತ್ತಾಳೆ ಎಂದು ಕಾದೆ, ಮಾಡಲಿಲ್ಲ.

“ಅಕ್ಕ, ಎರಡು ಸರ್ಕಾರನೂ ನಿಮ್ಮನೇಲೇ ಊಟ ಮಾಡ್ತವಲ್ಲ. ಒಂದು ಮಾತು ಆಡಲಿಲ್ವಾ?”

“ಆಡಿದರು” ಎಂದೆ. “ಇಬ್ಬರೂ ನನ್ನ ಹತ್ತಿರ ಆಡಿದರು.”

ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಎಕ್ಸ್‌ಚೇಂಜಿನಲ್ಲಿ ಇಷ್ಟು ವರ್ಷ ಜನರನ್ನು ಜನರಿಗೆ ಜೋಡಿಸಿದವಳು, ಸ್ವಂತ ಮನೆಯಲ್ಲಿ ಎರಡು ತಂತಿಯನ್ನೂ ನನ್ನ ಕಿವಿಗೇ ಸಿಕ್ಕಿಸಿಕೊಂಡು ಕೂತಿದ್ದೆ. ಆಟೋ ಹಿಡಿದು ಅವಳನ್ನು ನಮ್ಮ ಮನೆಗೆ ಕರೆತಂದೆ. ಈ ಸಲ ಬರುವುದಿಲ್ಲ ಎನ್ನಲಿಲ್ಲ. ಮುಂದಿನ ಕೋಣೆಯ ದಿವಾನದ ಮೇಲೆ ಮಲಗಿಸಿ, ಕಾಲ ಕೆಳಗೆ ದಿಂಬಿಟ್ಟೆ. ಬೀದಿಯಲ್ಲಿ ಶಾಲೆ ಬಿಟ್ಟ ಮಕ್ಕಳ ಗಲಾಟೆ ಇತ್ತು.

ಸಂಜೆ ಮಗ ಸೊಸೆ ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದವರು ಚಿಕ್ಕಮ್ಮನನ್ನು ಕಂಡು ಬಾಗಿಲಲ್ಲೇ ನಿಂತರು. ಮಗ ಅಡುಗೆಮನೆಯ ಕಡೆ ನನ್ನನ್ನು ಕಣ್ಸನ್ನೆಯಲ್ಲಿ ಕರೆದ. ನಾನು ಏಳಲಿಲ್ಲ.

“ಇನ್ನು ನನ್ನ ಹತ್ತಿರ ಏನೂ ಹೇಳಬೇಡಿ. ಇಲ್ಲೇ ಕೂತ್ಕೊಂಡು ಇವಳಿಗೆ ಹೇಳಿ, ಇಬ್ಬರೂ” ಎಂದೆ.

ಕೂತರು. ಮಗ ಅವಳ ಕಾಲ ಬಳಿ, ಸೊಸೆ ಎದುರಿನ ಕುರ್ಚಿಯಲ್ಲಿ. ಮೊದಲಿಂದ ಎಲ್ಲವನ್ನೂ ಹೇಳಿದರು. ಅವಧಿ, ಆ ಒಂದು ಸಾಲು, ಈ ಒಂದು ಸಾಲು, ಸಾಹೇಬರು, ಸಮಿತಿ. ಒಬ್ಬರು ತಡವರಿಸಿದರೆ ಇನ್ನೊಬ್ಬರು ಪೂರ್ತಿ ಮಾಡಿದರು. ಅಷ್ಟು ಚೆನ್ನಾಗಿ ಇಬ್ಬರೂ ಸೇರಿ ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ. ಖಾಸಗಿ ಕುರ್ಚಿಗೆ ಹೆಸರು ಬರೆಸಬೇಡ ಎಂದದ್ದು ಯಾವ ಧೈರ್ಯದ ಮೇಲೆ ಎಂಬುದನ್ನು ನಾನು ಹೇಳಿದೆ. ಅವಳ ಎಡಗೈ ನನ್ನ ಮಡಿಲಲ್ಲಿತ್ತು, ಹೆಬ್ಬೆರಳ ಕೆಳಗೆ ಅದು ಗುಂಯ್ ಎನ್ನುತ್ತಲೇ ಇತ್ತು.

ತಂಗಿ ಎಲ್ಲವನ್ನೂ ಕೊನೆಯವರೆಗೆ ಕೇಳಿದಳು. ಸಿಟ್ಟು ಮಾಡಲಿಲ್ಲ, ಅಳಲಿಲ್ಲ. ಸ್ವಲ್ಪ ಎದ್ದು ಕೂತು, ಸೆರಗು ಸರಿಮಾಡಿಕೊಂಡು, ಬಸ್ಸಿನ ವೇಳೆ ವಿಚಾರಿಸುವ ಹಾಗೆ ಕೇಳಿದಳು.

“ಆಯ್ತಪ್ಪ, ಅರ್ಥ ಆಯ್ತು. ಹಾಗಾದ್ರೆ ಗುರುವಾರ ನಾನು ಎಲ್ಲಿಗೆ ಹೋಗ್ಲಿ?”

ಮಗ ಸೊಸೆಯ ಮುಖ ನೋಡಿದ. ಸೊಸೆ ಮಗನ ಮುಖ ನೋಡಿದಳು. ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು.